ಕಪ್ ಗೆದ್ದವನು, ಮಣ್ಣು ಬಲ್ಲವನು

ಭಾನುವಾರ ಬೆಳಿಗ್ಗೆ ಹೈದರಾಬಾದಿನ ರೈಲು ಇಳಿದು ನಮ್ಮ ಅಕ್ಕನ ಮಗ ಸೀದಾ ಕಲಬುರಗಿಯ ಸ್ಟೇಶನ್ ಬಜಾರದ ನಮ್ಮ ಮನೆಗೆ ಬಂದ. ಸುಸಲಾ-ಮಿರ್ಚಿ ತಿಂದು, ಚಹಾ ಕುಡಿಯುತ್ತ ಚೀಲದಿಂದ ನುಣುಪು ಕಾಗದದ ಒಂದು ಪುಸ್ತಿಕೆ ತೆಗೆದ. ಅವನು ಕೆಲಸ ಮಾಡುವ ಕಂಪನಿಯವರು ಹೊಸ ಬಡಾವಣೆ ಮಾಡುತ್ತಿದ್ದಾರಂತೆ. ನಡುವೆ 18 ಹೋಲ್‌ಗಳ ಗಾಲ್ಫ್ ಮೈದಾನ, ಸುತ್ತಲೂ ಮನೆಗಳು. ಮೊದಲ ಪುಟದ ತುಂಬ ವಿದೇಶದ ಒಬ್ಬ ಗಾಲ್ಫ್ ಚಾಂಪಿಯನ್ನನ ಫೋಟೋ.

"ಮೈದಾನ ಇವರೇ ಡಿಸೈನ್ ಮಾಡ್ತಾರ ಮಾಮಾ. ಇಷ್ಟು ದೊಡ್ಡ ಆಟಗಾರ ಕೈ ಹಚ್ಚಿದ ಮ್ಯಾಲ ಮತ್ತೇನ್ ನೋಡೋದದ?" ಎಂದ.

ನಾನು ಪುಸ್ತಿಕೆಯನ್ನು ಕೊನೆಯ ಪುಟದವರೆಗೂ ತಿರುವಿದೆ. ಆಟಗಾರ ಗೆದ್ದ ಕಪ್‌ಗಳ ಪಟ್ಟಿ ಇತ್ತು. ಮನೆಗಳ ಅಳತೆ ಇತ್ತು. ಅಲ್ಲಿನ ಮಣ್ಣು ಎಂಥದು, ಬೇಸಿಗೆಯಲ್ಲಿ ಹುಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ನೋಡಬೇಕಾದದ್ದು ಬಹಳ ಇದೆ ಎಂದು ಅವನಿಗೆ ಅಂದು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಗಾಲ್ಫ್ ಆಡದವರೂ ಇದನ್ನು ಓದಬೇಕು ಎಂಬುದು ನನ್ನ ಆಸೆ. ಯಾಕೆಂದರೆ ಮೈದಾನ ಆಡುವವರದಾದರೂ ಅದಕ್ಕೆ ಹೋಗುವ ನೆಲ ಮತ್ತು ನೀರು ಊರಿನವು.

ಗಾಲ್ಫ್ ಮೈದಾನ ಕ್ರಿಕೆಟ್ ಮೈದಾನದಂತಲ್ಲ. ಕ್ರಿಕೆಟ್ ಪಿಚ್ 22 ಗಜ ಎಂದರೆ ಲಾರ್ಡ್ಸ್‌ನಲ್ಲೂ ಅಷ್ಟೇ, ನಮ್ಮ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲೂ ಅಷ್ಟೇ. ಗಾಲ್ಫ್‌ಗೆ ಅಂಥ ಗೊತ್ತಾದ ಅಳತೆ ಇಲ್ಲ. 18 ಹೋಲ್‌ಗಳ ಮೈದಾನಕ್ಕೆ ಸಾಮಾನ್ಯವಾಗಿ 120ರಿಂದ 180 ಎಕರೆ ಬೇಕು. ಆ ನೆಲದ ಏರು-ತಗ್ಗು, ಹಳ್ಳ, ಮರ, ಗಾಳಿ ನೋಡಿ, ಚೆಂಡು ಎಲ್ಲಿಂದ ಹೊಡೆಯಬೇಕು, ಎಲ್ಲಿ ಬೀಳಬೇಕು, ಎಲ್ಲಿ ಬಿದ್ದರೆ ಕಷ್ಟ ಎಂದು ವಿನ್ಯಾಸಗಾರ ಗೊತ್ತುಮಾಡುತ್ತಾನೆ. ಮೊದಲ ಹೊಡೆತದ ಜಾಗ ಟೀ, ನಡುವಿನ ಹುಲ್ಲಿನ ಹಾದಿ ಫೇರ್‌ವೇ, ಕುಳಿ ಇರುವ ನುಣುಪು ಅಂಗಳ ಗ್ರೀನ್, ಅಡ್ಡಲಾಗುವ ಮರಳಿನ ಹೊಂಡ ಬಂಕರ್. ಟೀಯಿಂದ ಆ ಕುಳಿಯವರೆಗಿನದು ಒಂದು ಹೋಲ್. ಕಣ್ಣಿಗೆ ಕಾಣುವುದು ಇಷ್ಟು. ಕಾಣದ್ದು ಅದಕ್ಕಿಂತ ಹೆಚ್ಚು: ಮಳೆನೀರು ಹರಿದುಹೋಗುವ ದಾರಿ, ನೆಲದೊಳಗಿನ ಪೈಪು, ನೀರಿನ ಹೊಂಡ, ಮಣ್ಣಿನ ಪದರ.

ಈ ಕೆಲಸಕ್ಕೆ ಆಟಗಾರನನ್ನು ಕರೆಯುವ ರೂಢಿ ಹಳೆಯದು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಟಾಮ್ ಮಾರಿಸ್ 4 ಸಲ ಬ್ರಿಟಿಷ್ ಓಪನ್ ಗೆದ್ದವನು. ಬೇರೆ ಬೇರೆ ಊರುಗಳಿಗೆ ಹೋಗಿ ಗೂಟ ನೆಟ್ಟು ಮೈದಾನ ಗುರುತಿಸಿ ಕೊಡುತ್ತಿದ್ದ. ಆದರೆ ಅವನು ಹೊಟ್ಟೆಪಾಡಿಗೆ ಹಿಡಿದ ಕೆಲಸ ಹುಲ್ಲು ಕಾಯುವುದು. ಸೇಂಟ್ ಆಂಡ್ರೂಸ್ ಮೈದಾನದ ಹುಲ್ಲು, ಮರಳು ಎರಡೂ ಅವನ ಸುಪರ್ದಿಯಲ್ಲಿದ್ದವು. ಅವನನ್ನು ಕರೆದವರಿಗೆ ಆಟಗಾರನೂ ಮಣ್ಣಿನ ಆಳೂ ಒಬ್ಬನಲ್ಲೇ ಸಿಗುತ್ತಿದ್ದರು.

ಆಮೇಲೆ ಈ ಎರಡು ವಿದ್ಯೆಗಳು ಬೇರೆಬೇರೆಯಾದವು. ಜಗತ್ತಿನ ಅತಿ ಹೆಸರಾಂತ ಮೈದಾನಗಳಲ್ಲಿ ಕೆಲವನ್ನು ಮಾಡಿದ ಅಲಿಸ್ಟರ್ ಮೆಕೆಂಜಿ ವೃತ್ತಿಯಿಂದ ವೈದ್ಯ, ಆಟದಲ್ಲಿ ಸಾಧಾರಣ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಸೈನಿಕರು ನೆಲದ ಏರಿಳಿತದಲ್ಲೇ ಅಡಗುತ್ತಿದ್ದ ಬಗೆಯನ್ನು ನೋಡಿ ಕಲಿತು, ಬಂಕರುಗಳನ್ನು ನಿಸರ್ಗವೇ ಮಾಡಿದೆ ಎನ್ನುವಂತೆ ಕೂರಿಸಿದ. ಅಮೆರಿಕದ ಮಹಾನ್ ಆಟಗಾರ ಬಾಬಿ ಜೋನ್ಸ್ ಅಗಸ್ಟಾದಲ್ಲಿ ಮೈದಾನ ಮಾಡಲು ಹೊರಟಾಗ ಕರೆದದ್ದು ಈ ವೈದ್ಯನನ್ನೇ. ನೆಲ ರೂಪಿಸುವುದು ಮೆಕೆಂಜಿಯ ಕೆಲಸ. ಟೀ ಬರಬೇಕಾದ ಜಾಗದಲ್ಲಿ ನಿಂತು ಚೆಂಡು ಹೊಡೆದು ನೋಡುವುದು ಜೋನ್ಸ್ ಕೆಲಸ. 1933ರಲ್ಲಿ ತೆರೆದ ಆ ಮೈದಾನದಲ್ಲೇ 1934ರಿಂದ ಮಾಸ್ಟರ್ಸ್ ಪಂದ್ಯಾವಳಿ ನಡೆಯುತ್ತಿದೆ. ತನಗೆ ಯಾವುದು ಗೊತ್ತಿಲ್ಲ ಎಂಬುದು ಜೋನ್ಸ್‌ಗೆ ಗೊತ್ತಿತ್ತು. ಅಗಸ್ಟಾ ಒಳ್ಳೆಯದಾದದ್ದಕ್ಕೆ ಅದು ಸಣ್ಣ ಕಾರಣವಲ್ಲ.

ಹಾಗಾದರೆ ಚಾಂಪಿಯನ್ನನಿಂದ ಆಗುವ ಲಾಭವೇನು? ಲಾಭ ನಿಜವಾಗಿಯೂ ಇದೆ. ನೂರಾರು ಮೈದಾನಗಳಲ್ಲಿ, ಬಿಸಿಲು-ಮಳೆ-ಗಾಳಿಯಲ್ಲಿ ಆಡಿದವನಿಗೆ ಯಾವ ಹೋಲ್ ಮನಸ್ಸನ್ನು ಹಿಡಿದಿಡುತ್ತದೆ, ಯಾವುದು ಬೇಸರ ತರಿಸುತ್ತದೆ ಎಂಬುದು ಮೈಯೊಳಗೇ ಗೊತ್ತಿರುತ್ತದೆ. ದೊಡ್ಡ ಪಂದ್ಯಾವಳಿ ನಡೆಸಬೇಕೆಂದರೆ ಅವನ ಅನುಭವ ಬೇಕೇ ಬೇಕು. ಅವನ ಹೆಸರಿದ್ದರೆ ಸದಸ್ಯರು ಬರುತ್ತಾರೆ, ಮನೆಗಳು ಮಾರಾಟವಾಗುತ್ತವೆ, ಹಣ ಹಾಕುವವರಿಗೆ ಧೈರ್ಯ ಬರುತ್ತದೆ. ಹೀಗೆ ಹೆಸರನ್ನೇ ಮುಂದಿಟ್ಟು ಮಾಡುವುದಕ್ಕೆ 'ಸಿಗ್ನೇಚರ್ ಕೋರ್ಸ್' ಎನ್ನುತ್ತಾರೆ. ದಿಲ್ಲಿಯ ಸುತ್ತ ಇಂಥವು ಸಾಲಾಗಿ ಬಂದವು: ಮಾನೇಸರದ ಬಳಿ ಜ್ಯಾಕ್ ನಿಕ್ಲಾಸ್, ಗ್ರೇಟರ್ ನೋಯ್ಡಾದಲ್ಲಿ ಗ್ರೆಗ್ ನಾರ್ಮನ್, ಗುರುಗ್ರಾಮದ ಡಿಎಲ್‌ಎಫ್‌ನಲ್ಲಿ ಮೊದಲು ಆರ್ನಲ್ಡ್ ಪಾಮರ್, ಆಮೇಲೆ ಗ್ಯಾರಿ ಪ್ಲೇಯರ್.

ತೊಂದರೆಯೂ ಅಷ್ಟೇ ನಿಜ. ಒಂದು ಹೋಲ್‌ನ ಟೀ ಮೇಲೆ ನಿಂತಿದ್ದೀರಿ ಎಂದುಕೊಳ್ಳಿ. ಎದುರಿಗೆ 160 ಗಜ ದೂರದಲ್ಲಿ ಅಡ್ಡಲಾಗಿ ಒಂದು ಹಳ್ಳ. 300 ಗಜ ಹೊಡೆಯುವ ಚಾಂಪಿಯನ್ನನ ಚೆಂಡು ಆ ಹಳ್ಳದ ಮೇಲೆ ಎಲ್ಲೋ ಆಕಾಶದಲ್ಲಿ ಹೋಗುತ್ತದೆ. ಅವನ ಲೆಕ್ಕದಲ್ಲಿ ಅಲ್ಲಿ ಹಳ್ಳವೇ ಇಲ್ಲ. 65 ದಾಟಿದ ನಿವೃತ್ತ ಮೇಷ್ಟ್ರು, ಈಚೆಗೆ ಆಟ ಕಲಿಯುತ್ತಿರುವ ಹುಡುಗಿ 150 ಗಜ ಹೊಡೆದರೆ ಹೆಚ್ಚು. ಅವರ ಒಂದೊಂದು ಒಳ್ಳೆಯ ಹೊಡೆತವೂ ನೆಲಕ್ಕೆ ಬಿದ್ದು ಉರುಳಿ ನೀರಿಗೇ ಸೇರುತ್ತದೆ. ತಪ್ಪು ಹೊಡೆದವನಿಗೆ ಆಗಬೇಕಾದ ಶಿಕ್ಷೆ ಶಕ್ತಿ ಕಡಿಮೆ ಇದ್ದವರಿಗೆ ಆಗುತ್ತದೆ. ಮೈದಾನಕ್ಕೆ ದುಡ್ಡು ಕೊಟ್ಟು ಅದನ್ನು ಉಳಿಸುವವರು ಮಾತ್ರ ಇವರೇ. ನಿಕ್ಲಾಸ್‌ನಂಥ ದಿಗ್ಗಜನ ಮೊದಮೊದಲ ಮೈದಾನಗಳ ಮೇಲೂ ಇಂಥದೇ ಟೀಕೆ ಬಂತು: ಎತ್ತರಕ್ಕೆ ಹೋಗಿ ಎಡದಿಂದ ಬಲಕ್ಕೆ ವಾಲಿ ಮೆತ್ತಗೆ ಇಳಿಯುವ ಅವನ ಹೊಡೆತಕ್ಕೇ ಅವು ಹೇಳಿಮಾಡಿಸಿದಂತಿವೆ ಎಂದು. ಪರಿಣತಿಗೂ ಒಂದು ಕುರುಡು ಜಾಗ ಇರುತ್ತದೆ. ತನ್ನ ಆಟವನ್ನೇ ಎಲ್ಲರ ಆಟವೆಂದುಕೊಳ್ಳುವುದು ಆ ಕುರುಡು. ಪೀಟ್ ಡೈ ಎಂಬ ವಿನ್ಯಾಸಗಾರನ ಹೆಂಡತಿ ಆಲಿಸ್ ಡೈ, ಸ್ವತಃ ಒಳ್ಳೆಯ ಆಟಗಾರ್ತಿ, ಹೆಂಗಸರಿಗಾಗಿ ಮುಂದಿನ ಟೀಗಳನ್ನು ಸರಿಯಾದ ದೂರದಲ್ಲಿ ಇಡಿ ಎಂದು ಜೀವನವಿಡೀ ವಾದಿಸಬೇಕಾಯಿತು.

ಇನ್ನು ನಮ್ಮ ನಾಡಿನ ಉದಾಹರಣೆಗೆ ಬರುತ್ತೇನೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಅದರ ನಂತರ ಸುಮಾರು ನೂರು ವರ್ಷಕ್ಕೆ, 1973ರಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಹುಟ್ಟಿತು. ಹಳೆಯ ವಿಮಾನ ನಿಲ್ದಾಣದ ರಸ್ತೆಯ ಪಕ್ಕ, ಚಲ್ಲಘಟ್ಟ ಕೆರೆಯ ಅಂಗಳದಲ್ಲಿ ಅದರ ಮೈದಾನ ಎದ್ದಿತು. ಅದರ ವಿನ್ಯಾಸಕ್ಕೆ ಆರಿಸಿದ್ದು ಒಬ್ಬ ವೃತ್ತಿಪರ ಆಟಗಾರನನ್ನು: ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್.

ಥಾಮ್ಸನ್‌ಗೆ ಕಪ್‌ಗಳ ಕೊರತೆಯಿರಲಿಲ್ಲ. 1954, 1955, 1956, ಮತ್ತೆ 1958, 1965. ಐದು ಸಲ ಬ್ರಿಟಿಷ್ ಓಪನ್. ಸತತ ಮೂರು ವರ್ಷ ಅದನ್ನು ಗೆದ್ದವನು ಇಪ್ಪತ್ತನೆಯ ಶತಮಾನದಲ್ಲಿ ಅವನೊಬ್ಬನೇ. ಆದರೆ ಅವನು ಸರಿಯಾದ ಆಯ್ಕೆ ಎಂದು ನಾನು ಹೇಳುವುದಕ್ಕೆ ಕಾರಣ ಬೇರೆ ಮೂರು ಇವೆ.

ಒಂದು, ಅವನಿಗೆ ಭಾರತ ಗೊತ್ತಿತ್ತು. ಇಂಡಿಯನ್ ಓಪನ್ 1964ರಲ್ಲಿ ಶುರುವಾಗುವುದಕ್ಕೆ ಅವನ ಒತ್ತಾಸೆ ಮುಖ್ಯವಾಗಿತ್ತು. ಮೊದಲ ವರ್ಷ ಗೆದ್ದವನೂ ಅವನೇ. 1966, 1976ರಲ್ಲಿ ಮತ್ತೆ ಗೆದ್ದ. ದಿಲ್ಲಿ ಗಾಲ್ಫ್ ಕ್ಲಬ್ಬಿನ ಮೈದಾನವನ್ನು 70ರ ದಶಕದಲ್ಲಿ ಹೊಸದಾಗಿ ರೂಪಿಸಿದ. ನಮ್ಮ ಬಿಸಿಲು, ನಮ್ಮ ಮಳೆ, ನಮ್ಮ ಹುಲ್ಲು ಅವನಿಗೆ ಹೊಸತಾಗಿರಲಿಲ್ಲ. ಎರಡು, ಅವನ ಆಟವೇ ಬಲದ ಆಟವಲ್ಲ. ಚೆಂಡನ್ನು ನೆಲದ ಮೇಲೆ ಓಡಿಸಿ, ಏರಿಳಿತವನ್ನೇ ಬಳಸಿಕೊಂಡು ಗುರಿ ಮುಟ್ಟಿಸುವ ಸ್ಕಾಟ್ಲೆಂಡಿನ ಹಳೆಯ ಪದ್ಧತಿಯ ಭಕ್ತ ಅವನು. ಅಂಥವನಿಗೆ ದುರ್ಬಲ ಆಟಗಾರನ ಕಷ್ಟ ತಿಳಿಯುತ್ತದೆ. ಮೂರು, ಅವನು ಒಬ್ಬನೇ ಬರುತ್ತಿರಲಿಲ್ಲ. ಮೈಕಲ್ ವುಲ್ವರಿಜ್ ವರ್ಷಾನುಗಟ್ಟಲೆ ಅವನ ಪಾಲುದಾರ, ಮುಂದೆ ವಾಸ್ತುಶಿಲ್ಪಿ ರಾಸ್ ಪೆರೆಟ್ ಸೇರಿಕೊಂಡ. ಹೆಸರು ಬಾಡಿಗೆಗೆ ಕೊಟ್ಟು ಕೂರದೆ ಥಾಮ್ಸನ್ ವಿನ್ಯಾಸವನ್ನೇ ಎರಡನೆಯ ವೃತ್ತಿಯಾಗಿ ಕಲಿತ.

ಚಲ್ಲಘಟ್ಟದ ಆ ಮೈದಾನದ ಕಥೆಯನ್ನು ಇನ್ನಷ್ಟು ನೋಡಿ. 2012ರ ಇಂಡಿಯನ್ ಓಪನ್ ಅಲ್ಲೇ ನಡೆಯಿತು. ಗೆದ್ದದ್ದು 45 ವಯಸ್ಸಿನ ಥಾಯ್ಲೆಂಡ್ ಆಟಗಾರ ತವೋರ್ನ್ ವಿರಾಟ್ಚಂತ್. ಅದಕ್ಕೂ ಮುಂಚೆ ಅದೇ ಅಸೋಸಿಯೇಷನ್ನಿನ ಅಭ್ಯಾಸದ ಅಂಗಳದಲ್ಲಿ ಐದು ವರ್ಷದ ಒಂದು ಮಗು ಮೊದಲ ಸಲ ಚೆಂಡು ತಳ್ಳಿತ್ತು. ಮನೆಯಲ್ಲಿ ಗಾಲ್ಫ್ ಆಡುವವರು ಯಾರೂ ಇರಲಿಲ್ಲ. ಆ ಮಗುವೇ ಅದಿತಿ ಅಶೋಕ್. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತನಗಿಂತ ಬಹಳ ದೂರ ಹೊಡೆಯುವವರ ನಡುವೆ, ಗ್ರೀನ್ ಮೇಲಿನ ಕೈಚಳಕದಿಂದಲೇ ನಾಲ್ಕನೆಯ ಸ್ಥಾನಕ್ಕೆ ಬಂದಳು. ಕಂಚು ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ದೂರ ಹೊಡೆಯದವರಿಗೂ ಈ ಆಟದಲ್ಲಿ ಜಾಗ ಇದೆ ಎಂಬುದಕ್ಕೆ ಅವಳಿಗಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಚಲ್ಲಘಟ್ಟದಲ್ಲಿ ಒಂದು ನೋವಿನ ಪಾಠವೂ ಇದೆ. ಕೋಲಾರದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಎಲ್ಲರಿಗೂ ಗೊತ್ತು. ಕೆ ಎಂದರೆ ಕೋರಮಂಗಲ, ಸಿ ಎಂದರೆ ಚಲ್ಲಘಟ್ಟ. ಒಂದು ಕಾಲದಲ್ಲಿ ಕೆರೆಯಿಂದ ಕೆರೆಗೆ ನೀರು ಇಳಿಯುತ್ತಿದ್ದ ಕಣಿವೆ ಅದು. ಕೆರೆ ಇದ್ದಲ್ಲಿ ಮೈದಾನ ಬಂತು. ಎಷ್ಟು ದೊಡ್ಡ ಚಾಂಪಿಯನ್ ಬಂದರೂ, ಎಷ್ಟು ಚೆನ್ನಾಗಿ ಮಾಡಿದರೂ, ಯಾವ ನೆಲವನ್ನು ಕೊಡಬೇಕು ಎಂಬ ಪ್ರಶ್ನೆ ಅವನಿಗಿಂತ ಮೊದಲು ನಮಗೆ ಸೇರಿದ್ದು. ನೆಲದ ಆಯ್ಕೆ ತಪ್ಪಿದರೆ ವಿನ್ಯಾಸಗಾರನ ಆಯ್ಕೆ ಅದನ್ನು ಸರಿಮಾಡುವುದಿಲ್ಲ.

ಪ್ರಸಿದ್ಧ ಹೆಸರುಗಳನ್ನು ಬದಿಗಿಟ್ಟ ಒಂದು ಆಯ್ಕೆಯನ್ನೂ ಹೇಳಬೇಕು. 112 ವರ್ಷಗಳ ನಂತರ ಗಾಲ್ಫ್ ಒಲಿಂಪಿಕ್ಸ್‌ಗೆ ಮರಳಿದ್ದು 2016ರಲ್ಲಿ, ರಿಯೊದಲ್ಲಿ. ಅಲ್ಲಿ ಹೊಸ ಮೈದಾನ ಮಾಡಲು ನಿಕ್ಲಾಸ್, ನಾರ್ಮನ್, ಪ್ಲೇಯರ್ ಎಲ್ಲರೂ ಸ್ಪರ್ಧೆಯಲ್ಲಿದ್ದರು. 2012ರಲ್ಲಿ ಆರಿಸಿದ್ದು ಗಿಲ್ ಹ್ಯಾನ್ಸ್ ಎಂಬ ವಿನ್ಯಾಸಗಾರನನ್ನು. ಅವನು ವೃತ್ತಿಪರ ಆಟಗಾರನೇ ಅಲ್ಲ. ಬುಲ್‌ಡೋಜರ್ ಮೇಲೆ ತಾನೇ ಕೂತು ಮಣ್ಣು ಸರಿಸುವ ಮನುಷ್ಯ. ಆದರೂ ಅವನು ಒಬ್ಬ ಮಹಾನ್ ಆಟಗಾರ್ತಿಯನ್ನು, ಆಮಿ ಆಲ್ಕಾಟ್ ಅವರನ್ನು, ಜತೆಗೆ ಕಟ್ಟಿಕೊಂಡ. ಅಗಸ್ಟಾದ ಜೋಡಿಯೇ ಇಲ್ಲಿ ತಿರುವುಮುರುವಾಯಿತು. ಹದಿನೆಂಟರ ಅದಿತಿ ಅಶೋಕ್ ಮೊದಲ ಒಲಿಂಪಿಕ್ಸ್ ಆಡಿದ್ದು ಆ ಮೈದಾನದಲ್ಲೇ.

ಗೆದ್ದವನು ಬೇರೆ, ಮಣ್ಣು ಬಲ್ಲವನು ಬೇರೆ ಎಂಬ ಮಾತು ನಮ್ಮ ಕಡೆ ಕುಸ್ತಿಯ ತಾಲೀಮು ನೋಡಿದವರಿಗೆ ಹೊಸದೆನಿಸುವುದಿಲ್ಲ. ಕೆಂಪು ಮಣ್ಣು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆಹಣ್ಣು ಕೂಡಿಸಿ ಹದ ಮಾಡುವವನು ವಸ್ತಾದ. ಪಕ್ಕದ ಊರಿನಲ್ಲಿ ಕಡಗ ಗೆದ್ದು ಬಂದ ಪೈಲ್ವಾನನಿಗೆ ಆ ಹದ ಒಪ್ಪಿಸುವುದಿಲ್ಲ. ಪೈಲ್ವಾನ ತನ್ನ ಮೈಗೆ ತಕ್ಕ ಮಣ್ಣು ಕೇಳುತ್ತಾನೆ. ವಸ್ತಾದನಿಗೆ ನಾಳೆ ಮೊದಲ ಸಲ ಲಂಗೋಟಿ ಕಟ್ಟುವ ಹುಡುಗನ ಮೊಣಕೈಯೂ ನೆನಪಿರುತ್ತದೆ. ಗಾಲ್ಫ್‌ನಲ್ಲೂ ಹೀಗೇ. ಗ್ಯಾರಿ ಪ್ಲೇಯರ್ ಹೊಸದಾಗಿ ಮಾಡಿದ ಗುರುಗ್ರಾಮದ ಕಠಿಣ ಮೈದಾನದಲ್ಲಿ 2017ರ ಇಂಡಿಯನ್ ಓಪನ್ ನಡೆದಾಗ ದೊಡ್ಡ ದೊಡ್ಡವರು ತಡವರಿಸಿದರು. ಏಳು ಹೊಡೆತಗಳ ಅಂತರದಿಂದ ಗೆದ್ದದ್ದು ಎಸ್.ಎಸ್.ಪಿ. ಚೌರಾಸಿಯಾ. ಅವರ ತಂದೆ ರಾಯಲ್ ಕಲ್ಕತ್ತಾ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದವರು. 2009ರಲ್ಲಿ ಅದೇ ಪಂದ್ಯಾವಳಿ ಗೆದ್ದ ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿ ಇತರರ ಚೀಲ ಹೊತ್ತು ಆಟ ಕಲಿತವರು. ಮೈದಾನವನ್ನು ಪಾದದಿಂದ ಅರಿತವರು ಇವರು. ಮೈದಾನ ಮಾಡುವ ಮುನ್ನ ಇಂಥವರ ಒಂದು ಮಾತು ಕೇಳಬೇಕು ಎಂದು ಯಾವ ಕರಾರಿನಲ್ಲೂ ಬರೆಯುವುದಿಲ್ಲ. ಬರೆಯಬೇಕು.

ಇಂಥ ಮೈದಾನ ನಮ್ಮಲ್ಲಿಗೂ ಬಂದರೆ ಹೇಗೆ ಎಂದು ನೋಡಲು ಈಗ ನಮ್ಮ ಕಲಬುರಗಿಯ ನೆಲಕ್ಕೆ ಇಳಿಯೋಣ. ನಮ್ಮದು ತೊಗರಿಯ ಸೀಮೆ, ಎರೆ ಭೂಮಿ. ಬೇಸಿಗೆಯಲ್ಲಿ ಹೊಲದೊಳಗೆ ಹೋದರೆ ಅಂಗೈ ಇಳಿಯುವಷ್ಟು ಬಿರುಕು. ಮೃಗಶಿರಾ ಮಳೆ ಎರಡು ಬಿದ್ದರೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚಿ, ಚಪ್ಪಲಿಗೆ ಅಂಟಿ ಹೆಜ್ಜೆ ಹೆಜ್ಜೆಗೂ ಭಾರವಾಗುತ್ತದೆ. ತೊಗರಿಗೆ ಇದೇ ಗುಣ ವರ, ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಾಲ್ಫ್ ಗ್ರೀನ್‌ಗೆ ಇದೇ ಗುಣ ವೈರಿ. ಅಲ್ಲಿ ನೀರು ನಿಲ್ಲಬಾರದು, ನೆಲ ಉಬ್ಬಬಾರದು. ಹಾಗಾಗಿ ಇಂದಿನ ಗ್ರೀನ್‌ಗೆ ತಳದಲ್ಲಿ ನೀರು ಬಸಿಯುವ ಪೈಪು, ಮೇಲೆ ನಾಲ್ಕು ಇಂಚು ಜಲ್ಲಿ, ಅದರ ಮೇಲೆ ಸುಮಾರು 12 ಇಂಚು ಮರಳು ಹಾಕುತ್ತಾರೆ. ಆ ಮರಳಿನ ಮೇಲೆ ಬೆಳೆಯುವ ಹುಲ್ಲು ಯಾವುದು ಗೊತ್ತೇ? ಬರ್ಮುಡಾ ಎಂದು ಹೆಸರಿಟ್ಟರೂ ಅದು ನಮ್ಮ ಕರಿಕಿಯ ಕುಲ. ಗಣಪತಿಗೆ ಏರಿಸುವ ಗರಿಕೆ, ರೈತ ಬೇಸಿಗೆಯಲ್ಲಿ ಆಳ ಉಳುಮೆ ಮಾಡಿ ಬೇರುಸಹಿತ ಹೊರಹಾಕುವ ಕರಿಕಿ. ಅದರದೇ ಕುಬ್ಜ ತಳಿಗಳನ್ನು ಮೂರು-ನಾಲ್ಕು ಮಿಲಿಮೀಟರಿಗೆ ಕತ್ತರಿಸಿ ಗ್ರೀನ್ ಮಾಡುತ್ತಾರೆ.

ಕರಿಕಿ ಗಟ್ಟಿ ಹುಲ್ಲು. ಆದರೆ ಅಷ್ಟು ಗಿಡ್ಡ ಕತ್ತರಿಸಿ ಹಸಿರಾಗಿಡಬೇಕೆಂದರೆ ನೀರು ಬೇಕು. ಲೆಕ್ಕ ನೀವೇ ಹಾಕಿ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಸುಮಾರು 4,047 ಲೀಟರ್. ನಮ್ಮ ಏಪ್ರಿಲ್ ಬಿಸಿಲಿಗೆ ದಿನಕ್ಕೆ ಐದು ಮಿಲಿಮೀಟರ್ ಕೊಡುವುದು ಹೆಚ್ಚಲ್ಲ. ಮೈದಾನದಲ್ಲಿ ನೀರು ಬೇಕಾದ ಹುಲ್ಲು 80 ಎಕರೆ ಎಂದುಕೊಂಡು ಅದಕ್ಕೆ ಹಾಗೆ ಕೊಟ್ಟರೆ ದಿನವೊಂದಕ್ಕೆ 16 ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್‌ನಲ್ಲಿ 320ಕ್ಕೂ ಹೆಚ್ಚು ಸಲ. ಓಣಿಗೆ ಒಂದು ಟ್ಯಾಂಕರ್ ಬಂದಾಗ ಕೊಡಗಳ ಸಾಲು ಹೇಗಿರುತ್ತದೆ ಎಂದು ನೋಡಿದವರು ಈ ಅಂಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ.

ಹಾಗೆಂದು ಒಣ ಸೀಮೆಯವರು ಗಾಲ್ಫ್ ಆಡಲೇಬಾರದು ಎಂದು ನಾನು ಹೇಳುವುದಿಲ್ಲ. ಹಿಂದೆ ಇಂಥ ಕಡೆ ಹುಲ್ಲಿನ ಗ್ರೀನ್ ಬದಲು ಎಣ್ಣೆ ಬೆರೆಸಿದ ಮರಳಿನ ಅಂಗಳ ಮಾಡುತ್ತಿದ್ದರು, 'ಬ್ರೌನ್' ಎನ್ನುತ್ತಿದ್ದರು. ಇಂದು ಒಂಬತ್ತೇ ಹೋಲ್ ಮಾಡಬಹುದು. ಚೆಂಡು ಬೀಳುವ ಜಾಗಕ್ಕೆ ಮಾತ್ರ ಹುಲ್ಲು ಬೆಳೆಸಿ, ಉಳಿದದ್ದನ್ನು ಜಾಲಿ, ಬೇವು, ಕಾಡುಹುಲ್ಲಿಗೆ ಬಿಡಬಹುದು. ಸಂಸ್ಕರಿಸಿದ ಕೊಳಚೆ ನೀರನ್ನೇ ಬಳಸಬಹುದು. ಇದನ್ನೆಲ್ಲ ಮಾಡುವ ವಿನ್ಯಾಸಗಾರನಿಗೆ ಧೈರ್ಯ ಬೇಕು, ಯಾಕೆಂದರೆ ಫೋಟೋದಲ್ಲಿ ಅವನ ಮೈದಾನ ಫ್ಲಾರಿಡಾದಂತೆ ಕಾಣುವುದಿಲ್ಲ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದ್ದು ಅದು ಕಮಲಾಪುರದ್ದು ಎಂಬ ಕಾರಣಕ್ಕೆ. ಗಡ್ಡೆಯನ್ನು ಬೇರೆ ಕಡೆ ಒಯ್ದು ನೆಟ್ಟ ಮಾತ್ರಕ್ಕೆ ಅದೇ ಹಣ್ಣು ಬಾರದು. ಫ್ಲಾರಿಡಾದ ನಕ್ಷೆಯನ್ನು ಎರೆ ಭೂಮಿಯಲ್ಲಿ ನೆಟ್ಟರೂ ಹಾಗೇ.

ಅಕ್ಕನ ಮಗನಿಗೆ ಕೊನೆಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟ ಪ್ರಶ್ನೆಗಳು ಇವು. ಚಾಂಪಿಯನ್ ಎಷ್ಟು ದಿನ ಈ ನೆಲದ ಮೇಲೆ ನಿಲ್ಲುತ್ತಾನೆ, ಅದು ಕರಾರಿನಲ್ಲಿದೆಯೇ? ಬೇಸಿಗೆಯಲ್ಲಿ ಒಂದು ಸಲ, ಮಳೆಗಾಲದಲ್ಲಿ ಒಂದು ಸಲ ಬರುತ್ತಾನೆಯೇ? ನಕ್ಷೆ ನಿಜವಾಗಿ ಬರೆಯುವವರು ಯಾರು, ಅವರು ಈ ಮುಂಚೆ ಅಲ್ಲಿನಂಥ ಮಣ್ಣಿನಲ್ಲಿ ಕೆಲಸ ಮಾಡಿದ್ದಾರೆಯೇ? ಮಣ್ಣು, ನೀರಿನ ಪರೀಕ್ಷೆ ನಕ್ಷೆಗಿಂತ ಮೊದಲು ಆಗಿದೆಯೇ? 150 ಗಜ ಹೊಡೆಯುವವರಿಗೆ ಟೀ ಎಲ್ಲಿ? ಹತ್ತು ವರ್ಷದ ನಂತರ ಹುಲ್ಲು ನೋಡಿಕೊಳ್ಳಲು ವರ್ಷಕ್ಕೆ ಎಷ್ಟು ಖರ್ಚು, ಅದನ್ನು ಕೊಡುವವರು ಯಾರು? ಸುತ್ತಲ ಹಳ್ಳಿಯ ಮಕ್ಕಳು ಒಳಗೆ ಬಂದು ಕಲಿಯಬಹುದೇ? ಕೊನೆಯ ಪ್ರಶ್ನೆ ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ಬಿಡದಿಯ ಬಳಿಯ ಹಳ್ಳಿಯಿಂದ, ಪಕ್ಕದ ಗಾಲ್ಫ್ ಮೈದಾನದಲ್ಲೇ ಆಟ ಕಲಿತು ವೃತ್ತಿಪರನಾಗಿ ಬೆಳೆದ ಎಸ್. ಚಿಕ್ಕರಂಗಪ್ಪ.

ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಚಾಂಪಿಯನ್ ಸಿಕ್ಕರೆ ಕಣ್ಣುಮುಚ್ಚಿ ಅವನನ್ನೇ ಆರಿಸಿ. ಥಾಮ್ಸನ್‌ನಂಥವರು ಇದ್ದರು, ಮುಂದೆಯೂ ಇರುತ್ತಾರೆ. ಉತ್ತರ ಇಲ್ಲದಿದ್ದರೆ ಕಪ್‌ಗಳ ಪಟ್ಟಿ ಎಷ್ಟು ಉದ್ದವಿದ್ದರೂ ಅದು ಆಟದ ಚರಿತ್ರೆಗೆ ಸೇರಿದ್ದು, ನಮ್ಮ ನೆಲಕ್ಕಲ್ಲ.

ಸಂಜೆ ರೈಲಿಗೆ ಹೊರಡುವ ಮುನ್ನ ಹುಡುಗ ಆ ಹಾಳೆಯನ್ನು ಮಡಚಿ ಪುಸ್ತಿಕೆಯ ಮೊದಲ ಪುಟದಲ್ಲಿ, ಚಾಂಪಿಯನ್ನನ ಫೋಟೋದ ಮೇಲೆ ಇಟ್ಟ. "ಸೈಟ್ ಮ್ಯಾಲಿನ ಮಣ್ಣು ಒಂದು ಡಬ್ಬಿ ತಗೊಂಡು ಬರ್ತೀನ್ರಿ ಮಾಮಾ" ಎಂದ. ನನಗೆ ಅಷ್ಟು ಸಾಕಾಯಿತು. ಆ ಡಬ್ಬಿಯ ದಾರಿ ನೋಡುತ್ತಿದ್ದೇನೆ.